ಮನೆಯಲ್ಲೇ ಇರಿ ಎಂದವನು

ಕೆಂಟ್‌ನ ಕಾರ್ಖಾನೆಯಲ್ಲಿ ನನ್ನನ್ನು ಕಂಡರೆ ಆಗದವರು ಮೊದಲೂ ಇದ್ದರು. ವಿಮಾನದ ಬಿಡಿಭಾಗ ತಯಾರಿಸುವ ಜಾಗದಲ್ಲಿ ಇನ್‌ಸ್ಪೆಕ್ಟರ್‌ನನ್ನು ಯಾರೂ ಮುದ್ದಿಸುವುದಿಲ್ಲ. ಅವರು ಕೊರೆದು, ಉಜ್ಜಿ, ತೊಳೆದು ತಂದಿಟ್ಟ ತುಂಡನ್ನು ನಾನು ಕ್ಯಾಲಿಪರ್‌ನಲ್ಲಿ ಅಳೆದು, ಡ್ರಾಯಿಂಗ್‌ನ ಅಳತೆಗೆ ಹೊಂದದಿದ್ದರೆ ಕೆಂಪು ಟ್ಯಾಗ್ ಕಟ್ಟಿ ವಾಪಸ್ ಕಳಿಸುತ್ತಿದ್ದೆ. ಅದು ಕೆಲಸದ ಸಿಟ್ಟು. ಶಿಫ್ಟ್ ಮುಗಿದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲೇ ಉಳಿಯುತ್ತಿತ್ತು. ಆಮೇಲೆ ಬಂದ ಒಬ್ಬ ಹೆಂಗಸಿನ ಸಿಟ್ಟು ಬೇರೆ. ಅದು ನನ್ನ ಕಾರಿನಲ್ಲೇ ಕೂತು ಮನೆಗೂ ಬಂತು.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ನಾನು ಐದು ವರ್ಷ ಸೈನ್ಯದಲ್ಲಿದ್ದವನು, ಸಿಗ್ನಲ್ಸ್‌ನಲ್ಲಿ, ಬಿಡುವಾಗ ಕ್ಯಾಪ್ಟನ್. ಅದರಲ್ಲಿ ಒಂದು ವರ್ಷ ನೀಲಿ ಹೆಲ್ಮೆಟ್ ಹಾಕಿಕೊಂಡು ಮಧ್ಯ ಆಫ್ರಿಕಾದ ಒಂದು ದೇಶಕ್ಕೆ ಶಾಂತಿಪಾಲನೆಗೆ ಹೋಗಿದ್ದೆ. ಹಲವು ದೇಶಗಳ ತುಕಡಿಗಳು ಒಂದೇ ಬಾವುಟದ ಕೆಳಗಿದ್ದ ಪಡೆ ಅದು. ಸೈನ್ಯ ಬಿಟ್ಟು ಮದುವೆಯಾದೆ. ಹೆಂಡತಿ ಮೈಸೂರಿನವಳು, ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಗ್ರೀನ್ ಕಾರ್ಡ್ ಬರುವವರೆಗೆ ಅಲ್ಲೇ ಎಜುಕೇಶನ್ ಹಿಲ್ ಬಡಾವಣೆಯ ಮನೆಯಲ್ಲಿ ಮಗಳನ್ನು ನೋಡಿಕೊಂಡು ಇದ್ದೆ. ಕಾರ್ಡ್ ಬಂದ ತಿಂಗಳೇ ಕೆಂಟ್‌ನಲ್ಲಿ ಕೆಲಸ ಹಿಡಿದೆ. ದಿನಾ ಫೋರ್ ಓ ಫೈವ್ ಹೆದ್ದಾರಿಯಲ್ಲಿ ಒಂದು ಗಂಟೆ ಹೋಗುವುದು, ಒಂದೂವರೆ ಗಂಟೆ ಬರುವುದು. ನಾನು ಸೈನಿಕನಾಗಿದ್ದೆ ಅನ್ನುವುದು ಆ ದಾರಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಬೇಕಾಗಿದ್ದು ಕನ್ನಡದವರಿಗೆ. 2010ರ ದಶಕದ ನಡುವಿನ ಒಂದು ಜನವರಿ. ರೆಡ್ಮಂಡ್‌ನ ಶಾಲೆಯೊಂದರ ಹಾಲ್‌ನಲ್ಲಿ ಗಣರಾಜ್ಯೋತ್ಸವ ಮಾಡಿದರು. ನಡೆಸುತ್ತಿದ್ದ ಹಿರಿಯರೊಬ್ಬರು ಫೋನ್ ಮಾಡಿ, "ಸ್ವಲ್ಪ ಇನ್‌ಸ್ಪೈರಿಂಗ್ ಆಗಿರ್ಲಿ ಕ್ಯಾಪ್ಟನ್ ಸಾಹೇಬ್ರೆ, ಮಕ್ಕಳಿರ್ತಾರೆ. ರಕ್ತಗಿಕ್ತ ಬೇಡ" ಎಂದರು. ರಕ್ತವಿಲ್ಲದ ಒಂದು ಕಥೆ ನನ್ನ ಹತ್ತಿರ ಇತ್ತು. ಆಫ್ರಿಕಾದ ಆ ಊರಿನ ಜನರಿಗೆ ಧ್ವನಿವರ್ಧಕದಲ್ಲಿ ಒಂದು ಪ್ರಕಟಣೆ ಓದಬೇಕಾಗಿತ್ತು, ನನಗೆ ಭಾಷೆ ಬರುತ್ತಿರಲಿಲ್ಲ, ಆದ್ದರಿಂದ ಅವರ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. "ಕಾಯೇನಿ ನ್ಯುಂಬಾನಿ, ತುಕೊ ಹಪಾ. ಮನೆಯಲ್ಲೇ ಇರಿ, ನಾವಿಲ್ಲಿದ್ದೇವೆ ಅಂತ ಅರ್ಥ. ನನ್ನ ಡ್ರೈವರ್ ಹಾಸನದವನು. ಸಾರ್, ಕಾಯಿ ಏನು ರೇಟು ಅಂತ ಕೇಳ್ತಿದೀರಾ ಅಂದ." ಹಾಲ್ ನಕ್ಕಿತು. ಚಪ್ಪಾಳೆ ಬಿತ್ತು. ಮಕ್ಕಳೆಲ್ಲ ಸಮೋಸ ತಿನ್ನುತ್ತಾ ಕಾಯೇನಿ ಕಾಯೇನಿ ಎಂದು ಕೂಗಿಕೊಂಡು ಓಡಾಡಿದರು.

ಮನೆಗೆ ಹೋಗುವಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು. ಆಗ ಅವಳಿಗೆ ಏಳು. "ಅಪ್ಪಾ, ಡಿಡ್ ದೇ ಸ್ಟೇ ಹೋಮ್?"

"ಇದ್ರು ಪುಟ್ಟಾ."

"ದೆನ್ ವಾಟ್ ಹ್ಯಾಪನ್ಡ್?"

ನಾನು ರೇಡಿಯೋ ಹಾಕಿದೆ. ಹೆಂಡತಿ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು.

ಮಾರ್ಚ್‌ನಲ್ಲಿ ಆ ಹೆಂಗಸು ಕೆಲಸಕ್ಕೆ ಸೇರಿದಳು. ನಲವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಯಂತ್ರದಿಂದ ಬಂದ ತುಂಡುಗಳ ಚೂಪು ಅಂಚನ್ನು ಉಜ್ಜಿ ನಯ ಮಾಡುವ ಮೇಜಿನಲ್ಲಿ ಅವಳ ಕೆಲಸ. ನಿರಾಶ್ರಿತಳಾಗಿ ಬಂದವಳು, ಇಂಥ ದೇಶದವಳು ಎಂದು ನಮ್ಮ ಪಾಳಿಯ ಮೇಲ್ವಿಚಾರಕ, ಶಿಫ್ಟ್ ಲೀಡ್, ಹೇಳಿದ. ಅವನು ಪಕ್ಕದ ಊರು ಆಬರ್ನ್ ಕಡೆಯ ಬಿಳಿಯ, ಮಾತು ಕಡಿಮೆ, ಮನುಷ್ಯ ನೇರ. ದೇಶದ ಹೆಸರು ಕೇಳಿ ನನಗೆ ಖುಷಿಯಾಯಿತು. ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಇಲ್ಲಿ ನನ್ನನ್ನು ಬರೀ ಟ್ಯಾಗ್ ಕಟ್ಟುವವನೆಂದು ನೋಡದ ಒಬ್ಬಳಾದರೂ ಸಿಕ್ಕಳು, ನಾನು ಇವಳ ಜನರನ್ನು ಕಾಯಲು ಹೋದವನು ಎಂದುಕೊಂಡೆ.

ಒಂದು ಮಂಗಳವಾರ ಬೆಳಗ್ಗೆ ಅವಳ ಮೇಜಿನ ಹತ್ತಿರ ಹೋಗಿ ನಕ್ಕು, ನನಗೆ ಬರುತ್ತಿದ್ದ ಆ ಒಂದೇ ಮಾತನ್ನು ಹೇಳಿದೆ. "ಕಾಯೇನಿ ನ್ಯುಂಬಾನಿ. ತುಕೊ ಹಪಾ."

ಅವಳ ಕೈಯಲ್ಲಿ ಗಾಳಿಯ ಒತ್ತಡದಿಂದ ತಿರುಗುವ ಸಣ್ಣ ಗ್ರೈಂಡರ್ ಇತ್ತು. ಅದನ್ನು ನಿಲ್ಲಿಸಿ ಕೆಳಗಿಟ್ಟಳು. ಸದ್ದು ತಡೆಯಲು ಕಿವಿಗೆ ಹಾಕಿದ್ದ ಬೆಂಡು ತೆಗೆದಳು.

"ಇನ್ನೊಂದ್ಸಲ ಹೇಳು."

ಹೇಳಿದೆ. ಎಲ್ಲಿ ಕಲಿತೆ ಎಂದು ಕೇಳಿದಳು. ಊರಿನ ಹೆಸರು ಹೇಳಿದೆ. ಯಾವ ವರ್ಷ ಎಂದಳು. ಅದನ್ನೂ ಹೇಳಿದೆ. ಅವಳ ಇಂಗ್ಲಿಷ್ ನಿಧಾನ, ಒಂದೊಂದು ಪದವನ್ನೂ ಹುಡುಕಿ ತೆಗೆದು ಇಡುವಂಥದ್ದು.

"ಬಿಳಿ ಗಾಡಿ. ಮೇಲೆ ಎರಡು ಸ್ಪೀಕರ್."

"ಹೌದು, ಹೌದು! ನೀವು ನೋಡಿದ್ರಾ?" ಎಂದೆ. ನನ್ನ ಧ್ವನಿಯಲ್ಲಿ ಹಳೆಯ ಪರಿಚಯದವರು ಸಿಕ್ಕ ಸಂತೋಷ ಇತ್ತು.

ಅವಳು ಉಗುಳಿದಳು. ನನ್ನ ಮುಖಕ್ಕಲ್ಲ; ನನ್ನ ಬೂಟಿನ ಪಕ್ಕಕ್ಕೆ, ಕಾಂಕ್ರೀಟ್ ನೆಲದ ಮೇಲೆ. ಆಮೇಲೆ ಬೆಂಡನ್ನು ಮತ್ತೆ ಕಿವಿಗೆ ತುರುಕಿಕೊಂಡು ಉಜ್ಜುವುದಕ್ಕೆ ಶುರು ಮಾಡಿದಳು. ಅಕ್ಕಪಕ್ಕದವರೆಲ್ಲ ನೋಡಿದರು. ಲೀಡ್ ಬಂದು ಏನಾಯಿತು ಎಂದ. ಏನಿಲ್ಲ ಎಂದೆ. ಅಷ್ಟು ಹೇಳಿದ್ದಕ್ಕೇ ನಾನು ದೊಡ್ಡ ಮನಸ್ಸಿನವನು ಎಂದುಕೊಂಡೆ.

ರೆಡ್ಮಂಡ್‌ನ ಹಾಲ್‌ನಲ್ಲಿ ಹೇಳದೆ ಉಳಿಸಿದ್ದು ಇಷ್ಟು.

ನಮ್ಮ ಶಿಬಿರ ಒಂದು ಗುಡ್ಡದ ಮೇಲಿತ್ತು. ಕೆಳಗೆ ಹೊಳೆ, ಹೊಳೆಗೊಂದು ಸೇತುವೆ, ಆಚೆ ದಡದಲ್ಲಿ ಊರು. ನೂರು ಚಿಲ್ಲರೆ ಜನ ಸೈನಿಕರು, ಆರು ಕವಚದ ಗಾಡಿಗಳು. ನಮ್ಮನ್ನು ಕಳಿಸಿದ ಆದೇಶಕ್ಕೆ ಅಲ್ಲಿ ಮ್ಯಾಂಡೇಟ್ ಎನ್ನುತ್ತಿದ್ದರು. ನಾವು ಏನು ಮಾಡಬಹುದು, ಏನು ಮಾಡಬಾರದು ಎಂಬುದೆಲ್ಲ ಅದರಲ್ಲೇ. ಅಪಾಯದಲ್ಲಿರುವ ನಾಗರಿಕರನ್ನು ರಕ್ಷಿಸಬೇಕು ಎಂದು ಅದರಲ್ಲಿ ಬರೆದಿತ್ತು. ಆ ವಾಕ್ಯದ ಕೊನೆಗೆ, ನಮ್ಮ ಸಾಮರ್ಥ್ಯ ಇದ್ದಷ್ಟು, ನಾವಿರುವ ಪ್ರದೇಶದ ಒಳಗೆ, ಎಂಬ ಬಾಲವೂ ಇತ್ತು.

ಒಂದು ದಿನ ಮಧ್ಯಾಹ್ನ, ಬಂಡುಕೋರರ ಗುಂಪೊಂದು ಊರಿನತ್ತ ಬರುತ್ತಿದೆ ಎಂಬ ಸುದ್ದಿ ಬಂತು. ಜನ ಗಂಟು ಕಟ್ಟಿಕೊಂಡು ರಸ್ತೆಗೆ ಇಳಿಯತೊಡಗಿದರು. ಹೆಡ್‌ಕ್ವಾರ್ಟರ್ಸ್‌ಗೆ ಅದು ಇಷ್ಟವಾಗಲಿಲ್ಲ. ರಸ್ತೆಯಲ್ಲಿ ಸಾವಿರಾರು ಜನ ಇದ್ದರೆ ಕಾಯುವುದು ಕಷ್ಟ, ಗಾಬರಿ ಹರಡುತ್ತದೆ, ಅವರನ್ನು ಮನೆಯಲ್ಲೇ ಇರಿಸಿ, ಗಸ್ತು ಹೆಚ್ಚಿಸುತ್ತೇವೆ ಎಂದು ಹೇಳಿ ಎಂಬ ಸೂಚನೆ ಬಂತು. ನಮ್ಮ ದುಭಾಷಿ ಊರಿನ ಶಾಲೆಯ ಮೇಷ್ಟರು. ಅವರು ಪ್ರಕಟಣೆಯನ್ನು ತಮ್ಮ ಭಾಷೆಗೆ ಮಾಡಿಕೊಟ್ಟು ಮೈಕನ್ನು ಮಾತ್ರ ಮುಟ್ಟಲಿಲ್ಲ.

"ಬರೆದುಕೊಡ್ತೀನಿ. ಓದಲ್ಲ," ಎಂದರು. "ಅವರಿಗೆ ನನ್ನ ದನಿ ಗೊತ್ತು."

ಎಂಥ ಹೇಡಿ ಎಂದುಕೊಂಡೆ ನಾನು. ಕಾಗದ ತೆಗೆದುಕೊಂಡು ಅವರು ಉಚ್ಚರಿಸಿದ ಹಾಗೆ ಕನ್ನಡದಲ್ಲಿ ಬರೆದೆ. ಬಿಳಿ ಗಾಡಿಯಲ್ಲಿ ಸಂತೆಬೀದಿ, ಶಾಲೆ, ಸೇತುವೆ, ಎಲ್ಲ ಕಡೆ ನಿಂತು ನಿಂತು ಓದಿದೆ. ಜನ ಬಾಗಿಲಿಗೆ ಬಂದು ಕೇಳಿದರು. ರಸ್ತೆಗೆ ಇಳಿದಿದ್ದ ಎಷ್ಟೋ ಮಂದಿ ಗಂಟು ಹೊತ್ತು ಹಿಂದಿರುಗಿದರು. ಸಂಜೆ ಶಿಬಿರಕ್ಕೆ ಬಂದಾಗ ಕಮಾಂಡರ್ ನನ್ನ ಬೆನ್ನು ತಟ್ಟಿದರು.

ಬೆಳಗ್ಗೆ ಏಳಕ್ಕೆ ಗುಂಡಿನ ಸದ್ದು. ಊರಿನಲ್ಲಿ ಅರ್ಧದಷ್ಟು ಜನ ನನ್ನ ಮಾತು ಕೇಳದೆ ಗುಡ್ಡ ಹತ್ತಿ ನಮ್ಮ ಗೇಟಿಗೆ ಬಂದರು. ಅವರನ್ನು ಮುಳ್ಳುತಂತಿಯ ಎರಡು ಸಾಲುಗಳ ನಡುವೆ ಬಿಟ್ಟುಕೊಂಡೆವು. ಎಂಟೂವರೆಗೆ ನಾನು ರೇಡಿಯೋದಲ್ಲಿ ಸೇತುವೆ ದಾಟಲು ಅನುಮತಿ ಕೇಳಿದೆ. ಪರಿಸ್ಥಿತಿ ಸ್ಪಷ್ಟಪಡಿಸಿ ಎಂದು ಉತ್ತರ. ಹತ್ತಕ್ಕೆ ಮತ್ತೆ ಕೇಳಿದೆ. ನಿಮ್ಮ ಸಾಮರ್ಥ್ಯ ಎಷ್ಟು ಎಂದು ಉತ್ತರ. ಹನ್ನೊಂದೂವರೆಗೆ ಮೂರನೆಯ ಸಲ ಕೇಳಿದಾಗ, ಮೊದಲು ಶಿಬಿರ ಉಳಿಸಿಕೊಳ್ಳಿ, ನಿಲ್ಲಿ ಎಂದು ಬಂತು. ಗಾಡಿಗಳ ಎಂಜಿನ್ ಬೆಳಗಿನಿಂದ ಆರಿರಲಿಲ್ಲ. ಒಂದಕ್ಕೆ ನಿಂತಲ್ಲೇ ಮತ್ತೆ ಡೀಸೆಲ್ ಹಾಕಿಸಿದೆವು. ಎರಡು ಗಂಟೆಗೆ ಅನುಮತಿ ಸಿಕ್ಕಿತು. ಸೇತುವೆ ದಾಟಿದಾಗ ಊರು ನಿಶ್ಶಬ್ದ. ಗುಂಪು ಬಂದ ಕೆಲಸ ಮುಗಿಸಿಕೊಂಡು ಹೋಗಿತ್ತು.

ನನ್ನ ಮಾತು ಕೇಳದವರು ಬದುಕಿದರು. ಕೇಳಿದವರು ಮನೆಯಲ್ಲೇ ಇದ್ದರು. ನಾವು ಬಾಗಿಲುಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಉಗುಳಿದ ಮರುದಿನ ಊಟದ ಹೊತ್ತಿನಲ್ಲಿ ಅವಳೇ ನನ್ನ ಟೇಬಲ್ಲಿಗೆ ಬಂದಳು. ನಾನು ಮೊಸರನ್ನದ ಡಬ್ಬಿ ತೆರೆದಿದ್ದೆ. ಎದುರು ಕೂತುಕೊಳ್ಳಲಿಲ್ಲ, ನಿಂತೇ ಮಾತಾಡಿದಳು.

"ನನ್ನ ಗಂಡ ಗಂಟು ಕಟ್ಟಿಟ್ಟಿದ್ದ. ಅಮ್ಮನ್ನ ಸೈಕಲ್ ಮೇಲೆ ಕೂರಿಸಿದ್ದ. ಹೊರಟು ನಿಂತಿದ್ವಿ. ನೀನು ಬಂದೆ. ಗಂಟು ಬಿಚ್ಚಿದ್ದು ನಾನು, ಅವನಲ್ಲ. ಇವರು ದೂರದ ದೇಶದಿಂದ ಬಂದಿದಾರೆ, ಸುಳ್ಳು ಯಾಕೆ ಹೇಳ್ತಾರೆ ಅಂದೆ. ಅವನು ನನ್ನ ಜೊತೆ ಜಗಳ ಆಡ್ದ. ನಾನು ಗೆದ್ದೆ."

ನಾನು ಚಮಚ ಕೆಳಗಿಟ್ಟೆ. ಕ್ಷಮಿಸಿ ಎನ್ನಬೇಕಾಗಿತ್ತು. ಅದರ ಬದಲು ಹೇಳಿದ್ದು ಇದು: "ನೋಡಿ, ನಮಗೆ ಪರ್ಮಿಶನ್ ಇರ್ಲಿಲ್ಲ. ಮ್ಯಾಂಡೇಟ್‌ನಲ್ಲಿ ಸ್ಪಷ್ಟವಾಗಿದೆ, ಸಾಮರ್ಥ್ಯ ಇದ್ದಷ್ಟು ಅಂತ. ನಾನು ಮೂರು ಸಲ ಕೇಳಿದೆ. ರೆಕಾರ್ಡ್ ಇದೆ."

"ನಿನ್ನ ಗಾಡಿ ಸದ್ದು ನಮಗೆ ಕೇಳಿಸ್ತಿತ್ತು," ಎಂದಳು. "ಬೆಳಗ್ಗೆಯಿಂದ ಕೇಳಿಸ್ತಿತ್ತು. ಬಂದ್ರು ಬಂದ್ರು ಅಂತ ಗಂಡ ಅಮ್ಮಂಗೆ ಹೇಳ್ತಾನೇ ಇದ್ದ."

"ನಾಲ್ಕು ಸಾವಿರ ಮೈಲಿ ದೂರದಿಂದ ನಿಮಗೋಸ್ಕರ ಬಂದಿದ್ವಿ ನಾವು. ನಮ್ಮ ಹುಡುಗರೂ ಅಲ್ಲಿ ಸತ್ತಿದಾರೆ!" ಎಂದೆ. ದನಿ ಏರಿತ್ತು. ರೂಮಿನಲ್ಲಿದ್ದವರೆಲ್ಲ ತಿರುಗಿದರು.

"ಆವತ್ತು ಎಷ್ಟು ಜನ?" ಎಂದಳು.

ಆವತ್ತು ಯಾರೂ ಇಲ್ಲ. ನಾನು ಡಬ್ಬಿ ಮುಚ್ಚಿಕೊಂಡು ಎದ್ದು ಹೋದೆ.

ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಅವಳ ದೇಶದ ಇಬ್ಬರು ಗಂಡಸರಿದ್ದರು. ಅದರ ಮುಂದಿನ ವಾರದಿಂದ ನಾನು ಅವರ ಪಕ್ಕ ಹಾದುಹೋದಾಗಲೆಲ್ಲ ಒಬ್ಬ ಇನ್ನೊಬ್ಬನಿಗೆ ಮೆಲ್ಲಗೆ "ಕಾಯೇನಿ" ಅನ್ನುತ್ತಿದ್ದ. ಅದೇ ನನ್ನ ಹೆಸರಾಯಿತು. ಅರ್ಥ ಗೊತ್ತಿಲ್ಲದ ಮೆಕ್ಸಿಕೋದವರು, ವಿಯೆಟ್ನಾಮಿನವರು ಕೂಡ ಪ್ರೀತಿಯಿಂದಲೇ "ಹಾಯ್ ಕಾಯೇನಿ" ಅನ್ನತೊಡಗಿದರು. ಅವಳು ಮಾತ್ರ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ತುಂಡುಗಳ ಟ್ರೇಯನ್ನು ತಂದು ನನ್ನ ಕೌಂಟರ್ ಮೇಲೆ ದಬಕ್ಕೆಂದು ಹಾಕಿ ಹೋಗುತ್ತಿದ್ದಳು.

ಆಗ ನಾನು ಮಾಡಿದ್ದು ಹೇಳಲು ಅಸಹ್ಯವಾಗುತ್ತದೆ. ಅವಳ ಟ್ರೇ ಬಂದರೆ ದೀಪ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ. ಬೇರೆಯವರದ್ದನ್ನು ಎರಡು ಕಡೆ ಅಳೆದರೆ ಅವಳದ್ದನ್ನು ಎಂಟು ಕಡೆ. ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಟ್ಯಾಗ್. ಕಾರಣದ ಕಾಲಂನಲ್ಲಿ ಡ್ರಾಯಿಂಗ್‌ನ ಕಲಮು ಸಂಖ್ಯೆ ಬರೆಯುತ್ತಿದ್ದೆ, ಯಾರೂ ಪ್ರಶ್ನೆ ಮಾಡದ ಹಾಗೆ. ಎಲ್ಲವೂ ನಿಯಮದ ಪ್ರಕಾರ. ಒಂದು ತಿಂಗಳಲ್ಲಿ ಆ ಮೇಜಿನಲ್ಲಿ ಅತಿ ಕೆಟ್ಟ ಕೆಲಸಗಾರ್ತಿ ಅವಳೇ ಎಂದು ಕಾಗದದ ಮೇಲೆ ಸಾಬೀತಾಯಿತು. ಅವಳ ಪ್ರೊಬೇಶನ್ ಇನ್ನೂ ಮುಗಿದಿರಲಿಲ್ಲ.

ಲೀಡ್ ಒಂದು ಶುಕ್ರವಾರ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ. ಟೇಬಲ್ ಮೇಲೆ ಟ್ಯಾಗ್ ಕಟ್ಟಿದ ಹನ್ನೆರಡು ತುಂಡುಗಳಿದ್ದವು.

"ಇವನ್ನ ಬೇರೆ ಶಿಫ್ಟಿನ ಇನ್‌ಸ್ಪೆಕ್ಟರ್ ಹತ್ತಿರ ಅಳೆಸಿದೆ," ಎಂದ. "ಯಾರ ಕೆಲಸ ಅಂತ ಹೇಳ್ಲಿಲ್ಲ. ಹನ್ನೆರಡರಲ್ಲಿ ಹತ್ತು ಸರಿಯಾಗಿವೆ. ನೀನೇನ್ ಹೇಳ್ತೀಯ?"

"ನಾನು ಡ್ರಾಯಿಂಗ್ ಪ್ರಕಾರ ಹೋಗಿದೀನಿ."

ಅವಳು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಯಾವಾಗ್ಲೂ ಇವನ ಹತ್ರ ಒಂದು ಕಾಗದ ಇರುತ್ತೆ," ಎಂದು ಲೀಡ್‌ಗೆ ಹೇಳಿದಳು.

ನನಗೆ ಲಿಖಿತ ಎಚ್ಚರಿಕೆ ಕೊಟ್ಟು, ಇನ್‌ಸ್ಪೆಕ್ಷನ್‌ನಿಂದ ತೆಗೆದು ಗೋದಾಮಿನ ಬಾಗಿಲಿಗೆ, ಬಂದ ಸರಕು ಇಳಿಸಿಕೊಳ್ಳುವ ಜಾಗಕ್ಕೆ ಹಾಕಿದರು. ಮನೆಗೆ ಬಂದು ಹೆಂಡತಿಯ ಹತ್ತಿರ ಕೂಗಾಡಿದೆ. ಲೀಡ್‌ಗೆ ಬುದ್ಧಿಯಿಲ್ಲ, ಗಂಡ ಅಲ್ಲಿ ಸತ್ತ ಸಿಟ್ಟಿಗೆ ಆ ಹೆಂಗಸು ಸುಳ್ಳು ಕಂಪ್ಲೇಂಟ್ ಮಾಡಿದ್ದಾಳೆ, ಎಲ್ಲ ನನ್ನ ಮೇಲೆ ಹಗೆ ಸಾಧಿಸುತ್ತಿದ್ದಾರೆ ಎಂದೆ. ಹೆಂಡತಿ ಲ್ಯಾಪ್‌ಟಾಪ್ ಮುಚ್ಚಿ ಕೇಳಿಸಿಕೊಂಡಳು.

"ಆ ತುಂಡುಗಳು ಸರಿಯಾಗಿದ್ವಾ ಇಲ್ವಾ? ಅಷ್ಟು ಹೇಳು."

"ಅದಲ್ಲ ವಿಷಯ."

"ಅದೇ ವಿಷಯ. ಆ ಹೆಂಗಸು ಏನು ತಪ್ಪು ಮಾಡಿದಾಳೆ ಅಂತ ನೀನು ಅವಳ ಕೆಲಸ ಕಳೀಬೇಕು? ಗಂಡನ್ನ ಕಳ್ಕೊಂಡಿದಾಳಲ್ಲ, ಸಾಲ್ದಾ?"

"ನಿನಗೆ ಅಲ್ಲಿನ ಪರಿಸ್ಥಿತಿ ಗೊತ್ತಿಲ್ಲ."

"ಗೊತ್ತಿಲ್ಲ. ನೀನು ಹೇಳಿದ್ರೆ ತಾನೆ ಗೊತ್ತಾಗೋದು? ಒಂಬತ್ತು ವರ್ಷದಿಂದ ನನಗೆ ಗೊತ್ತಿರೋದು ಒಂದು ತೆಂಗಿನಕಾಯಿ ಜೋಕು."

ಅಂದು ಅವಳಿಗೆ ಎಲ್ಲವನ್ನೂ ಹೇಳಿದೆ. ಬಾಗಿಲುಗಳ ವಿಷಯವನ್ನೂ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದು ಹೋಗಿ ಮಗಳ ಪಕ್ಕ ಮಲಗಿದಳು. ಅದಾದ ಮೇಲೆ ಮನೆಯಲ್ಲಿ ಕೆಲವು ದಿನ ಬೇಕಾದಷ್ಟೇ ಮಾತು: ಹಾಲು ತಂದ್ಯಾ, ಸ್ವಿಮ್ಮಿಂಗ್ ಕ್ಲಾಸಿಗೆ ಯಾರು ಬಿಡೋದು.

ಬೇಸಿಗೆಯ ಮಧ್ಯದಲ್ಲಿ ಆ ಹೆಂಗಸು ಗೋದಾಮಿನ ಬಾಗಿಲಿಗೆ ಬಂದಳು. ಟ್ರಕ್ಕಿನಿಂದ ಅಲ್ಯೂಮಿನಿಯಂ ಪಟ್ಟಿಗಳನ್ನು ಇಳಿಸಿಕೊಳ್ಳುತ್ತಿದ್ದೆ. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರ್ ಹಿಡಿದಿದ್ದಳು.

"ನಿನ್ನಿಂದ ಒಂದು ಕಾಗದ ಬೇಕು," ಎಂದಳು. ವಿನಂತಿಯ ದನಿಯೇನೂ ಇರಲಿಲ್ಲ.

ಮನೆಯಲ್ಲೇ ಉಳಿದೂ ಆ ದಿನ ಬದುಕಿದ ಕೆಲವರಲ್ಲಿ ಅವಳೂ ಅವಳ ತಾಯಿಯೂ ಇದ್ದರು. ತಾಯಿ ಪಕ್ಕದ ದೇಶದ ನಿರಾಶ್ರಿತರ ಶಿಬಿರದಲ್ಲಿ ವರ್ಷಗಳಿಂದ ಇದ್ದರು. ಅವರನ್ನು ಇಲ್ಲಿಗೆ ಕರೆಸಿಕೊಳ್ಳುವ ಅರ್ಜಿ ಸಂದರ್ಶನದವರೆಗೆ ಹೋಗಿ ನಿಂತಿತ್ತು. ಅಪಾಯ ಗೊತ್ತಿದ್ದೂ ಊರು ಬಿಟ್ಟು ಏಕೆ ಹೋಗಲಿಲ್ಲ ಎಂದು ಸಂದರ್ಶನದ ಅಧಿಕಾರಿ ಕೇಳಿದರಂತೆ. ನೀಲಿ ಹೆಲ್ಮೆಟ್‌ನವರು ಮನೆಯಲ್ಲೇ ಇರಿ ಎಂದರು ಎಂದು ಮುದುಕಿ ಹೇಳಿದರು. ಅಧಿಕಾರಿ ಆ ದಿನದ ಪ್ರಕಟಿತ ವರದಿ ನೋಡಿದರು. ಅದರಲ್ಲಿ ಅಂಥ ಮಾತೇ ಇಲ್ಲ. ನಾಗರಿಕರಿಗೆ ಸೂಕ್ತ ಸಲಹೆ ನೀಡಲಾಗಿತ್ತು, ಅನೇಕರು ಶಿಬಿರದಲ್ಲಿ ಆಶ್ರಯ ಪಡೆದರು ಎಂದಿದೆ. ಹೇಳಿಕೆ ನಂಬಲರ್ಹವಲ್ಲ ಎಂದು ಅರ್ಜಿ ತಿರಸ್ಕರಿಸಿದರು. ಮರುಪರಿಶೀಲನೆಗೆ ಕೇಳಬಹುದು, ಆದರೆ ಹೊಸ ಸಾಕ್ಷ್ಯ ಬೇಕು.

"ಅಮ್ಮ ಸುಳ್ಳಿ ಅಂತ ಬರೆದಿದಾರೆ," ಎಂದು ಫೋಲ್ಡರ್ ತೆರೆದು ತೋರಿಸಿದಳು. "ನೀನು ಬರಿ. ನೀನೇ ಹೇಳಿದ್ದು ಅಂತ ಬರಿ."

ಸೂಕ್ತ ಸಲಹೆ ನೀಡಲಾಗಿತ್ತು ಎಂಬ ಆ ಮಾತು ನನ್ನದೇ. ಘಟನೆಯಾದ ಮೂರನೆಯ ದಿನ ಶಿಬಿರದ ವರದಿಯನ್ನು ಟೈಪ್ ಮಾಡಿದವನು ನಾನು. ಪ್ರಕಟಣೆಯ ಮಾತನ್ನು ಇದ್ದ ಹಾಗೆ ಬರೆದಿದ್ದೆ. ಕಮಾಂಡರ್ ಅದನ್ನು ಹೊಡೆದುಹಾಕಿ ಈ ವಾಕ್ಯ ಹೇಳಿದರು, ಟೈಪ್ ಮಾಡಿದೆ. ಮೇಲೆ ಮೇಲೆ ಹೋದ ಹಾಗೆ ಎಲ್ಲವೂ ಬದಲಾಗಿತ್ತೇನೋ, ಆ ಒಂದು ವಾಕ್ಯ ಮಾತ್ರ ಮಾಸದೆ ಅವಳ ತಾಯಿಯ ಅರ್ಜಿಯವರೆಗೆ ಬಂದಿತ್ತು.

ಅದನ್ನು ಅವಳಿಗೆ ಹೇಳಲಿಲ್ಲ. "ನನಗೆ ಬರೆಯೋಕಾಗಲ್ಲ. ಸೈನ್ಯದ ವಿಷಯ ಹೊರಗೆ ಹೇಳಲ್ಲ ಅಂತ ಸಹಿ ಹಾಕಿದೀನಿ," ಎಂದೆ.

"ಸ್ಪೀಕರ್‌ನಲ್ಲಿ ಇಡೀ ಊರಿಗೆ ಕೂಗಿದ್ದು ಗುಟ್ಟಾ?"

ನಾನು ಪಟ್ಟಿಗಳ ಕಡೆ ತಿರುಗಿದೆ. ಟ್ರಕ್ಕಿನ ಡ್ರೈವರ್ ಹಾರ್ನ್ ಹೊಡೆದ. ಅವಳು ಫೋಲ್ಡರ್ ಮುಚ್ಚಿಕೊಂಡು ಹೋದಳು.

ಹೆಂಡತಿಗೆ ಹೇಳಿದೆ. ಬರೆದುಕೊಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಹೆದರಿದಳು. "ಮುಂದಿನ ವರ್ಷ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡ್ಬೇಕು. ಅಲ್ಲಿ ಕೇಳ್ತಾರೆ, ಸೈನ್ಯದಲ್ಲಿದ್ಯಾ, ಏನ್ ಮಾಡ್ದೆ ಅಂತ. ನೀನೇ ಕೈಯಾರೆ ನಾನು ಹೇಳಿದ್ದಕ್ಕೆ ಜನ ಸತ್ರು ಅಂತ ಬರೆದುಕೊಟ್ರೆ?" ಆಮೇಲೆ, "ಬರೀಬೇಡ ಅಂತಾನೂ ಹೇಳಕ್ಕಾಗಲ್ಲ ನನಗೆ," ಎಂದಳು. "ನನ್ನ ಕೇಳ್ಬೇಡ. ನಿನ್ನ ಬಾಯಲ್ಲಿ ಬಂದಿದ್ದು ಅದು."

ಹತ್ತು ದಿನ ಹಾಗೇ ಕಳೆಯಿತು. ಆ ದಿನಗಳಲ್ಲಿ ನನಗೆ ಆ ಹೆಂಗಸಿನ ಮೇಲೆ ಇದ್ದದ್ದು ಕರುಣೆಯಲ್ಲ, ರೋಷ. ಇಷ್ಟು ದೊಡ್ಡ ದೇಶದಲ್ಲಿ ಇವಳಿಗೆ ಬೇರೆ ಊರು ಸಿಗಲಿಲ್ಲವೇ, ಬೇರೆ ಕಾರ್ಖಾನೆ ಸಿಗಲಿಲ್ಲವೇ ಎಂದು ದಿನಾ ಕಾರಿನಲ್ಲಿ ಗೊಣಗುತ್ತಿದ್ದೆ. ಮನಸ್ಸಿನಲ್ಲೇ ಅವಳ ಜೊತೆ ವಾದ ಮಾಡುತ್ತಿದ್ದೆ. ಪ್ರತಿ ಸಲವೂ ನಾನು ಮೂರು ಸಲ ಅನುಮತಿ ಕೇಳಿದ್ದು, ಗೇಟು ತೆರೆದದ್ದು, ಸಾವಿರಾರು ಜನರನ್ನು ಉಳಿಸಿದ್ದು, ಎಲ್ಲ ಹೇಳುತ್ತಿದ್ದೆ. ಅವಳು ಆ ಮೇಷ್ಟರ ವಿಷಯ ಎತ್ತುತ್ತಿದ್ದಳು. ಅವಳಿಗೆ ಮೇಷ್ಟರ ವಿಷಯ ನಾನು ಹೇಳಿಯೇ ಇರಲಿಲ್ಲ. ಎತ್ತುತ್ತಿದ್ದವನು ನಾನೇ. ಮೈಕು ಮುಟ್ಟದ ಮೇಷ್ಟರಿಗೆ, ನಾವು ಆ ಮಾತು ಉಳಿಸಿಕೊಳ್ಳಲಾರೆವು ಎಂದು ಗೊತ್ತಿತ್ತು. ನನಗೂ ಗೊತ್ತಿತ್ತು. ಗಸ್ತು ಹೆಚ್ಚಿಸಲು ನಮ್ಮ ಆರು ಗಾಡಿಗಳು ಸಾಲುತ್ತಲೇ ಇರಲಿಲ್ಲ. ಅದನ್ನು ಹಿಂದಿನ ದಿನವೇ ನಾನೇ ರೇಡಿಯೋದಲ್ಲಿ ವರದಿ ಮಾಡಿದ್ದೆ. ಗೊತ್ತಿದ್ದೂ ಓದಿದೆ. ನನಗೆ ಅವಳ ಮೇಲೆ ಅಷ್ಟು ಸಿಟ್ಟು ಬರುತ್ತಿದ್ದದ್ದು ಇದಕ್ಕೆ.

ಒಂದು ಶನಿವಾರ ಬೆಳಗ್ಗೆ ಊಟದ ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದೆ. ಸೋಮವಾರ ಊಟದ ವಿರಾಮದಲ್ಲಿ ಪಾರ್ಕಿಂಗ್ ಲಾಟ್‌ನಲ್ಲಿ ಅವಳ ಕೈಗೆ ಕೊಟ್ಟೆ. ಅವಳು ಕಾರಿಗೆ ಒರಗಿ ನಿಂತು, ಬೆರಳು ಇಟ್ಟುಕೊಂಡು ಓದಿದಳು. ತುಂಬ ಹೊತ್ತು ಹಿಡಿಯಿತು. ಆಮೇಲೆ ಒಂದು ಕಡೆ ಬೆರಳು ನಿಲ್ಲಿಸಿದಳು.

"ಇದೇನು?"

ನಾನು ಬರೆದಿದ್ದು: ಮನೆಯಲ್ಲೇ ಉಳಿಯುವಂತೆ ನಿವಾಸಿಗಳಿಗೆ ಸೂಚಿಸಲಾಯಿತು.

"ಯಾರು ಸೂಚಿಸಿದ್ದು?"

"ಅದು ಆಫೀಶಿಯಲ್ ಆಗಿ ಹಾಗೇ ಬರೆಯೋದು."

"ಯಾರು?"

"ನಾನು."

"ಹಾಗಿದ್ರೆ ಹಾಗೆ ಬರಿ." ಕಾಗದವನ್ನು ನನ್ನ ಎದೆಗೆ ಒತ್ತಿ ಹಿಡಿದಳು. "ಇದನ್ನ ಓದಿದ್ರೆ ಆಕಾಶದಿಂದ ದನಿ ಬಂತು ಅನ್ಸುತ್ತೆ. ನಮ್ಮಮ್ಮ ದನಿ ಕೇಳಿಸ್ಕೊಂಡ್ಳು ಅಂತ ಆಗಲೇ ಅವಳನ್ನ ಹುಚ್ಚಿ ಮಾಡಿದಾರೆ."

ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಅವಳ ಕಣ್ಣೆದುರೇ ತಿದ್ದಿದೆ. ನಾನು ಹೇಳಿದೆ. ನಾನು ಮೂರು ಕಡೆ ನಿಂತು ಓದಿದೆ. ವರದಿಯಲ್ಲಿ ಸೂಕ್ತ ಸಲಹೆ ಎಂದು ಟೈಪ್ ಮಾಡಿದ್ದೂ ನಾನು. ಕೊನೆಯ ಮಾತನ್ನು ಬರೆಯುವಾಗ ಅವಳು ಬಗ್ಗಿ ನೋಡುತ್ತಿದ್ದಳು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಸುಮ್ಮನಿರುತ್ತಿದ್ದೆ. ಅವಳು ಕೈ ಎತ್ತಲಿಲ್ಲ.

"ನೀನಾ," ಎಂದಳು. ಅಷ್ಟೇ.

ಸಂಜೆ ಇಬ್ಬರೂ ಬೇರೆ ಬೇರೆ ಕಾರಿನಲ್ಲಿ ನೋಟರಿಯ ಅಂಗಡಿಗೆ ಹೋದೆವು. ಶುದ್ಧಪ್ರತಿಗೆ ನಾನು ಸಹಿ ಹಾಕಿದೆ, ಮುದ್ರೆ ಬಿತ್ತು. ನೋಟರಿಯ ಹುಡುಗಿ ನಗುತ್ತಾ "ನೀವಿಬ್ಬರೂ ಫ್ರೆಂಡ್ಸಾ?" ಎಂದು ಕೇಳಿದಳು. "ಅಲ್ಲ," ಎಂದು ಅವಳು ನನಗಿಂತ ಮೊದಲೇ ಹೇಳಿದಳು. ಹೊರಗೆ ಬಂದ ಮೇಲೆ, ಇದರಿಂದ ಏನಾದರೂ ಸರಿಹೋಯಿತು ಎಂದು ತಿಳಿಯಬೇಡ ಎಂದಳು. ನಾನು ಹಾಗೆ ತಿಳಿದಿರಲಿಲ್ಲ. ಆದರೆ ಒಂದು ಮಾತನ್ನಾದರೂ ನಿರೀಕ್ಷಿಸಿದ್ದೆ. ಅದಕ್ಕೇ ಮನೆಗೆ ಹೋಗುವ ದಾರಿಯುದ್ದಕ್ಕೂ ಮತ್ತೆ ಅವಳನ್ನು ಬೈದುಕೊಂಡೆ.

ಆ ವರ್ಷದ ಕೊನೆಗೆ ಅವಳು ಕೆಲಸ ಬಿಟ್ಟಳು. ಇನ್ನೊಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ಸೇರಿದಳು ಎಂದು ಲೀಡ್ ಹೇಳಿದ. ತಾಯಿಗೆ ಎರಡನೇ ಸಂದರ್ಶನ ಸಿಕ್ಕಿದೆ, ಪಾಸಾಗಿದೆ ಎಂಬ ಸುದ್ದಿ ಪ್ಯಾಕಿಂಗ್‌ನವರಿಂದ ಬಂತು. ಆಮೇಲೆ ಈ ದೇಶದಲ್ಲಿ ನಿರಾಶ್ರಿತರಿಗೆ ಬಾಗಿಲು ಕಿರಿದು ಮಾಡಿದ ಕಾಲ ಬಂತು. ಟಿಕೆಟ್ ಆಗಿದ್ದವರೂ ಅಲ್ಲಲ್ಲೇ ನಿಂತರು. ಟೀವಿಯಲ್ಲಿ ಆ ಸುದ್ದಿ ಬರುವಾಗ ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ನನ್ನ ಸಿಟಿಜನ್‌ಶಿಪ್ ಸಂದರ್ಶನದಲ್ಲಿ ಅಧಿಕಾರಿ ಸೈನ್ಯದ ಬಗ್ಗೆ ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ಏನೋ ಬರೆದುಕೊಂಡರು. ಉತ್ತರ ಬರಲು ಹೆಂಡತಿಗಿಂತ ನನಗೆ ಏಳು ತಿಂಗಳು ತಡವಾಯಿತು. ಹೆಂಡತಿ ಆ ಏಳು ತಿಂಗಳನ್ನು ಇನ್ನೂ ಮರೆತಿಲ್ಲ.

ರೆಡ್ಮಂಡ್‌ನ ಹಿರಿಯರು ಮತ್ತೊಂದು ಜನವರಿಯಲ್ಲಿ ಫೋನ್ ಮಾಡಿದಾಗ ಬರುತ್ತೇನೆ, ಆದರೆ ಪೂರ್ತಿ ಹೇಳುತ್ತೇನೆ ಎಂದೆ. ಪೂರ್ತಿ ಅಂದರೆ ಏನು ಎಂದು ಕೇಳಿದರು. ಹೇಳಿದೆ. "ಅಯ್ಯೋ, ಹಬ್ಬದ ದಿನ ಇದೆಲ್ಲ ಯಾಕೆ ಸಾಹೇಬ್ರೆ," ಎಂದು ಇಟ್ಟರು. ಆಮೇಲೆ ಕರೆಯಲಿಲ್ಲ. ಎದುರು ಸಿಕ್ಕರೆ ಹವಾಮಾನದ ಬಗ್ಗೆ ಮಾತಾಡುತ್ತಾರೆ.

ದಶಕದ ಕೊನೆಯ ವರ್ಷ, ಒಂದು ಶನಿವಾರ ಮಧ್ಯಾಹ್ನ, ಕೆಂಟ್‌ನ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಪಕ್ಕದ ಬೆಂಚಿನಲ್ಲಿ ಸಣ್ಣಗೆ, ನೆಟ್ಟಗೆ ಕೂತ ಒಬ್ಬ ಮುದುಕಿ. ದೊಡ್ಡ ಅಳತೆಯ ಹೊಸ ಚಳಿ ಕೋಟು, ಕಾಲಿಗೆ ಬಿಳಿ ಶೂ. ಕೇಳಬೇಕಾದ ಅಗತ್ಯವಿರಲಿಲ್ಲ. ಆದರೂ ಕಾರು ನಿಲ್ಲಿಸಿ ಇಳಿದು ಹತ್ತಿರ ಹೋಗಿ ಅವಳನ್ನು ಮೆಲ್ಲಗೆ ಕೇಳಿದೆ.

"ನಿಮ್ಮ ತಾಯಿ ಬಂದ್ರಾ?"

"ಬಂದ್ರು. ಎಂಟು ತಿಂಗಳಾಯ್ತು."

ಮುದುಕಿ ನನ್ನನ್ನು ನೋಡಿ ಮಗಳನ್ನು ಏನೋ ಕೇಳಿದರು. ಯಾರು ಎಂದು ಕೇಳಿರಬೇಕು. ಅವಳು ಚಿಕ್ಕದಾಗಿ ಉತ್ತರಿಸಿದಳು. ಏನು ಹೇಳಿದಳೋ, ಮುದುಕಿ ಸೌಜನ್ಯಕ್ಕೆ ತಲೆಯಾಡಿಸಿ ಕೈ ಚಾಚಿದರು. ನಾನು ಹಿಡಿಯಲು ಮುಂದಾದೆ. ಅವಳು ನಡುವೆ ಬಂದು ನಿಂತಳು.

"ಕಾರ್ಖಾನೆಯವನು ಅಂತ ಹೇಳಿದೀನಿ. ಅಷ್ಟೇ ಇರ್ಲಿ. ಅವಳ ಎದುರು ಇನ್ನು ಬಾಯಿ ಬಿಡ್ಬೇಡ. ನಿನ್ನ ದನಿ ಅವಳಿಗೆ ನೆನಪಿದೆ."

ನಾನು ಬಾಯಿ ಬಿಡಲಿಲ್ಲ. ಮುದುಕಿಗೆ ಕೈ ಮುಗಿದು ಕಾರಿಗೆ ವಾಪಸ್ ಬಂದೆ. ಅವರ ಬಸ್ಸು ಬಂದು ಹೋಗುವವರೆಗೂ ಕಾರು ಸ್ಟಾರ್ಟ್ ಮಾಡದೆ ಕೂತಿದ್ದೆ.